ಲೆಕ್ಕಕ್ಕೆ ಸಿಗದ ಬಳಕೆದಾರರು

ಪಹಣಿ ತೆಗೆಯುವುದಿರಲಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವುದಿರಲಿ, ರೈಲಿನ ಟಿಕೆಟ್ ಕಾಯ್ದಿರಿಸುವುದಿರಲಿ, ಈಗ ಎಲ್ಲಕ್ಕೂ ಜಾಲತಾಣವೇ ಬಾಗಿಲು. ಆ ತಾಣವನ್ನು ನಮ್ಮ ಕಣ್ಣಿಗೆ ಕಾಣಿಸುವ ತಂತ್ರಾಂಶವೇ ಬ್ರೌಸರ್. ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ ಇವೆಲ್ಲ ಬ್ರೌಸರ್‌ಗಳು. ಅತ್ತ ಕಡೆಯಿಂದ ಸರ್ವರ್, ಅಂದರೆ ತಾಣವನ್ನು ಇಟ್ಟುಕೊಂಡಿರುವ ಕಂಪ್ಯೂಟರ್, ಕಳಿಸುವುದು ಸಿದ್ಧವಾದ ಪುಟವನ್ನಲ್ಲ, ಪುಟ ಹೇಗಿರಬೇಕೆಂಬ ಸೂಚನೆಗಳನ್ನು. ಆ ಸೂಚನೆಗಳನ್ನು ಓದಿ, ಅರ್ಥ ಮಾಡಿಕೊಂಡು, ಪುಟ ಕಟ್ಟುವುದು ಬ್ರೌಸರ್‌ನ ಹೊಣೆ. ಓದುವವರು ಬೇರೆಯಾದರೆ ಅರ್ಥವೂ ಬೇರೆಯಾಗಬಹುದು. ಒಂದೇ ಬ್ರೌಸರ್‌ನ ಹಳೆಯ ಆವೃತ್ತಿಗೂ ಹೊಸ ಆವೃತ್ತಿಗೂ ನಡುವೆ ಅಂಥ ಅಂತರ ಇದ್ದೇ ಇರುತ್ತದೆ. ಹಾಗಾಗಿ ತಾಣ ಕಟ್ಟುವವರು ಅದನ್ನು ಹಲವು ಬ್ರೌಸರ್‌ಗಳ ಹಲವು ಆವೃತ್ತಿಗಳಲ್ಲಿ ತೆರೆದು ನೋಡಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗುವುದು ಹಳೆಯ ಆವೃತ್ತಿಗಳು. ಯಾಕೆಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಅದನ್ನು ಬಳಸುವವರು ನೂರಕ್ಕೆ ಒಬ್ಬರೋ ಇಬ್ಬರೋ, ಅವರಿಗಾಗಿ ಇಷ್ಟು ಶ್ರಮ ಯಾಕೆ?’ ಈ ಉತ್ತರದ ಬೆನ್ನಿಗಿರುವ ಲೆಕ್ಕವನ್ನೇ ನಂಬುವ ಹಾಗಿಲ್ಲ ಎಂಬುದು ಇವತ್ತು ನಾನು ಮಂಡಿಸಬೇಕೆಂದಿರುವ ವಾದ.

ಮೊದಲು ಸ್ವಲ್ಪ ಇತಿಹಾಸ. ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನ ಆರನೆಯ ಆವೃತ್ತಿ ಬಂದದ್ದು 2001ರ ಆಗಸ್ಟ್‌ನಲ್ಲಿ. ಅದರ ಪ್ರತಿಸ್ಪರ್ಧಿ ಬ್ರೌಸರ್ ನೆಟ್‌ಸ್ಕೇಪ್ ಆಗಲೇ ಸೋತಿತ್ತು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಎಕ್ಸ್‌ಪ್ಲೋರರನ್ನೇ ಬಳಸುತ್ತಿದ್ದರು. ಸ್ಪರ್ಧೆ ಇಲ್ಲವಾದಾಗ ಸುಧಾರಣೆಯೂ ನಿಂತಿತು; ಏಳನೆಯ ಆವೃತ್ತಿ ಬರಲು 2006ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಈ ಐದು ವರ್ಷಗಳಲ್ಲಿ ಲೆಕ್ಕವಿಲ್ಲದಷ್ಟು ತಾಣಗಳು ಆರನೆಯ ಆವೃತ್ತಿಯ ದೋಷಗಳಿಗೇ ಒಗ್ಗಿಕೊಂಡು ಬೆಳೆದವು. ಅಂಚಿನ ಜಾಗವನ್ನು ಎರಡರಷ್ಟು ಮಾಡುವುದು, ಪಾರದರ್ಶಕ ಚಿತ್ರದ ಹಿಂದೆ ಬೂದು ಬಣ್ಣ ಬಳಿಯುವುದು ಆ ಆವೃತ್ತಿಯ ಹೆಸರಾಂತ ದೋಷಗಳು. ವಿಂಡೋಸ್ ಜತೆಗೆ ಎಕ್ಸ್‌ಪ್ಲೋರರನ್ನು ಬೆಸೆದಿದ್ದರಿಂದ ಒಂದೇ ಕಂಪ್ಯೂಟರಿನಲ್ಲಿ ಅದರ ಎರಡು ಆವೃತ್ತಿಗಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಪರೀಕ್ಷೆ ಮಾಡುವವರಿಗೆಂದೇ ಮೈಕ್ರೋಸಾಫ್ಟ್ ಕಂಪ್ಯೂಟರೊಳಗೊಂದು ನಕಲಿ ಕಂಪ್ಯೂಟರನ್ನು ಸಿದ್ಧಪಡಿಸಿ ಹಂಚಬೇಕಾಯಿತು. ಕೊನೆಗೆ 2011ರ ಮಾರ್ಚ್‌ನಲ್ಲಿ, ತನ್ನದೇ ಆ ಆವೃತ್ತಿಯ ಬಳಕೆ ಶೇಕಡಾ ಒಂದಕ್ಕಿಂತ ಕೆಳಗಿಳಿಯಲಿ ಎಂದು ಆ ಕಂಪನಿಯೇ ಪ್ರಚಾರಕ್ಕೆ ಇಳಿಯಿತು. ತಯಾರಿಸಿದವರೇ ಬೇಡವೆಂದರೂ ಸರಕು ಜನರ ಕೈಬಿಡದಿದ್ದದ್ದಕ್ಕೆ ಒಂದು ಮುಖ್ಯ ಕಾರಣ, ಕಚೇರಿಗಳ ಒಳತಾಣಗಳು ಬೇರೆ ಯಾವ ಬ್ರೌಸರ್‌ನಲ್ಲೂ ಪರೀಕ್ಷೆಯಾಗದೆ ಕಟ್ಟಲ್ಪಟ್ಟದ್ದು.

ದಕ್ಷಿಣ ಕೊರಿಯಾದಲ್ಲಿ ಇದು ಇಡೀ ದೇಶದ ಸಮಸ್ಯೆಯಾಯಿತು. 1990ರ ದಶಕದ ಕೊನೆಯಲ್ಲಿ ಆ ದೇಶ ತನ್ನದೇ ಆದ ‘ಸೀಡ್’ ಎಂಬ ಗೂಢಲಿಪಿ ವಿಧಾನವನ್ನು ರೂಪಿಸಿಕೊಂಡಿತು. ಬ್ರೌಸರ್‌ಗಳಿಗೆ ಅದು ಗೊತ್ತಿರಲಿಲ್ಲವಾದ್ದರಿಂದ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುವ ಆಕ್ಟಿವ್‌ಎಕ್ಸ್ ಎಂಬ ಜೋಡಣೆಯ ಮೂಲಕ ಅದನ್ನು ತಂದರು. ಬ್ಯಾಂಕು, ಅಂಗಡಿ, ಸರ್ಕಾರಿ ಸೇವೆ ಎಲ್ಲವೂ ಒಂದೇ ಬ್ರೌಸರ್‌ಗೆ ಕಟ್ಟುಬಿದ್ದವು. ವೇಗದ ಇಂಟರ್ನೆಟ್‌ಗೆ ಹೆಸರಾದ ದೇಶವೊಂದು ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಒದ್ದಾಡಿತು. ಈ ಜೋಡಣೆಯ ಜತೆಗೆ ಹೆಣೆದುಕೊಂಡಿದ್ದ, ಬಳಕೆದಾರರ ಗುರುತು ಖಾತ್ರಿಪಡಿಸುವ ಹಳೆಯ ಡಿಜಿಟಲ್ ಪ್ರಮಾಣಪತ್ರ ಪದ್ಧತಿಗಿದ್ದ ವಿಶೇಷ ಸ್ಥಾನವನ್ನು ಕಾನೂನು ತೆಗೆದುಹಾಕಿದ್ದು 2020ರ ಡಿಸೆಂಬರ್‌ನಲ್ಲಿ. ಅಲ್ಲಿಯೂ ಆರಂಭದ ಸಮರ್ಥನೆ ಇದೇ ಆಗಿತ್ತು: ಎಲ್ಲರೂ ಬಳಸುವುದು ಇದೊಂದನ್ನೇ. ಆದರೆ ಬೇರೆ ಬ್ರೌಸರ್‌ನಲ್ಲಿ ಬ್ಯಾಂಕಿನ ಕೆಲಸವೇ ಆಗದಿದ್ದರೆ ಜನ ಇನ್ನೊಂದನ್ನು ಬಳಸುವುದಾದರೂ ಹೇಗೆ? ಮೊದಲು ಬಾಗಿಲು ಹಾಕಿ, ಆಮೇಲೆ ‘ಈ ಬಾಗಿಲಿಗೆ ಯಾರೂ ಬರುವುದಿಲ್ಲ’ ಎಂದು ಲೆಕ್ಕ ಬರೆದಿಟ್ಟಂತೆ ಇದು.

ಅದೆಲ್ಲ ಹಳೆಯ ಕಥೆ, ಈಗಿನ ಬ್ರೌಸರ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವಲ್ಲ ಎಂದು ನೀವು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. 2021ರಿಂದ ಕ್ರೋಮ್‌ನ ಹೊಸ ಆವೃತ್ತಿಗಳು ನಾಲ್ಕು ವಾರಕ್ಕೊಮ್ಮೆ ಬರತೊಡಗಿದವು. ಫೈರ್‌ಫಾಕ್ಸ್ ಅದಕ್ಕೂ ಮುಂಚೆಯೇ ಈ ಕ್ರಮಕ್ಕೆ ಬಂದಿತ್ತು. ಹೊಸ ಯಂತ್ರ ಇಟ್ಟುಕೊಂಡವರಿಗೆ ಆವೃತ್ತಿಯ ಸಂಖ್ಯೆ ಏನೆಂದೂ ತಿಳಿದಿರುವುದಿಲ್ಲ. ತಿಳಿಯುವ ಅಗತ್ಯವೂ ಇಲ್ಲ. ಆದರೆ ಅಪ್‌ಡೇಟ್‌ಗೆ ಒಂದು ತಡೆಗೋಡೆ ಇದೆ, ಅದು ಯಂತ್ರದ ವಯಸ್ಸು. ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ಟಾ ಇದ್ದವರಿಗೆ 2016ರಲ್ಲಿ ಕ್ರೋಮ್ 49ರಲ್ಲಿಯೇ ನಿಂತಿತು. ವಿಂಡೋಸ್ 7 ಇದ್ದವರಿಗೆ 2023ರ ಆರಂಭದ ಕ್ರೋಮ್ 109 ಕೊನೆಯದು. ಐಫೋನಿನ ಸ್ಥಿತಿ ಇನ್ನೂ ಬಿಗಿ. ಅಲ್ಲಿ ಸಫಾರಿ ಹೊಸದಾಗಬೇಕಾದರೆ ಇಡೀ ಫೋನಿನ ತಂತ್ರಾಂಶವೇ ಹೊಸದಾಗಬೇಕು. 2014ರಲ್ಲಿ ಬಂದ ಐಫೋನ್ 6 ಆ ತಂತ್ರಾಂಶದ ಹನ್ನೆರಡನೆಯ ಆವೃತ್ತಿಯಾಚೆಗೆ ಹೋಗಲಿಲ್ಲ. ಆ ಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಪ್ರಯೋಜನವಿಲ್ಲ, ಯಾಕೆಂದರೆ ಹೆಸರು ಕ್ರೋಮ್ ಆದರೂ ಪುಟ ಕಟ್ಟುವ ತಂತ್ರಾಂಶ ಆಪಲ್‌ನದೇ. ಹಾಗಾಗಿ ‘ಬಳಕೆದಾರರು ಅಪ್‌ಡೇಟ್ ಮಾಡಿಕೊಳ್ಳಲಿ’ ಎಂಬ ಸಲಹೆಯನ್ನು ಬಿಡಿಸಿ ಹೇಳಿದರೆ ಅನೇಕರ ಪಾಲಿಗೆ ಅದರ ಅರ್ಥ ‘ಹೊಸ ಫೋನು ಕೊಳ್ಳಲಿ’ ಎಂದು. ಖಾಸಗಿ ಅಂಗಡಿಯೊಂದು ತನ್ನ ಗಿರಾಕಿಗೆ ಹಾಗೆ ಹೇಳಬಹುದೇನೋ, ಪಡಿತರದ ತಾಣವೋ ಪಿಂಚಣಿಯ ತಾಣವೋ ಹಾಗೆ ಹೇಳುವಂತಿಲ್ಲ.

ಹಳೆಯ ಆವೃತ್ತಿಯಲ್ಲಿ ತಾಣ ಹೇಗೆ ಕೆಡುತ್ತದೆ ಎಂಬುದನ್ನು ತಿಳಿದರೆ ಲೆಕ್ಕ ಹೇಗೆ ತಪ್ಪುತ್ತದೆ ಎಂಬುದೂ ತಿಳಿಯುತ್ತದೆ. ಜಾಲಪುಟದಲ್ಲಿ ಮೂರು ಬಗೆಯ ಸೂಚನೆಗಳಿರುತ್ತವೆ. ಪುಟದ ವಿಷಯ ಮತ್ತು ರಚನೆಯನ್ನು ಹೇಳುವುದು ಎಚ್‌ಟಿಎಂಎಲ್, ಬಣ್ಣ ಮತ್ತು ಅಳತೆಯನ್ನು ಹೇಳುವುದು ಸಿಎಸ್‌ಎಸ್, ಪುಟಕ್ಕೆ ಚಲನೆ ಕೊಡುವುದು ಜಾವಾಸ್ಕ್ರಿಪ್ಟ್. ಮೊದಲ ಎರಡು ಸಹನೆಯುಳ್ಳವು. ತನಗೆ ಗೊತ್ತಿಲ್ಲದ ಸೂಚನೆ ಬಂದರೆ ಹಳೆಯ ಬ್ರೌಸರ್ ಅದನ್ನು ಬಿಟ್ಟು ಮುಂದೆ ಓದುತ್ತದೆ. ಪುಟ ಸ್ವಲ್ಪ ಅಂದಗೆಡಬಹುದು, ಓದಲಂತೂ ಸಿಗುತ್ತದೆ. ಜಾವಾಸ್ಕ್ರಿಪ್ಟ್‌ಗೆ ಆ ಸಹನೆ ಇಲ್ಲ. ಪ್ರಶ್ನಾರ್ಥಕ ಚಿಹ್ನೆಯ ಪಕ್ಕ ಚುಕ್ಕೆ ಇಟ್ಟು ಬರೆಯುವ ಒಂದು ಹೊಸ ಬರವಣಿಗೆ ಕ್ರೋಮ್‌ಗೆ ಬಂದದ್ದು 2020ರಲ್ಲಿ. ಈಗ ಹೇಳಿದ ಐಫೋನ್ 6ರ ಸಫಾರಿಗೆ ಅದು ಅರ್ಥವಾಗುವುದಿಲ್ಲ. ಸಾವಿರಾರು ಸಾಲುಗಳ ಕಡತದಲ್ಲಿ ಅಂಥ ಚಿಹ್ನೆ ಒಂದೇ ಒಂದು ಕಡೆ ಇದ್ದರೂ ಬ್ರೌಸರ್ ಇಡೀ ಕಡತವನ್ನೇ ತಳ್ಳಿಹಾಕುತ್ತದೆ. ತಾಣ ಪೂರ್ತಿ ಜಾವಾಸ್ಕ್ರಿಪ್ಟ್ ಮೇಲೆ ನಿಂತಿದ್ದರೆ ಬಳಕೆದಾರರಿಗೆ ಕಾಣುವುದು ಬರಿಯ ಬಿಳಿ ಪುಟ.

ಇನ್ನೊಂದು ಬಗೆಯ ತೊಂದರೆ ಇದಕ್ಕಿಂತ ಮೋಸದ್ದು. ಅರ್ಜಿಯಲ್ಲಿ ಹುಟ್ಟಿದ ದಿನಾಂಕ ತುಂಬುವ ಜಾಗ ನೋಡಿ. ಅಲ್ಲಿ ತಾನಾಗಿ ಕ್ಯಾಲೆಂಡರ್ ತೆರೆದು ತೋರಿಸುವ ಸೌಲಭ್ಯ ಮ್ಯಾಕ್ ಕಂಪ್ಯೂಟರಿನ ಸಫಾರಿಗೆ ಬಂದದ್ದು 2021ರಲ್ಲಿ. ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಅದು ಬರೀ ಖಾಲಿ ಚೌಕ. ನಮ್ಮಲ್ಲಿ ಯಾರಾದರೂ ಅಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತಾರೆ. ಸರ್ವರ್ ವರ್ಷ, ತಿಂಗಳು, ದಿನ ಎಂಬ ಕ್ರಮವನ್ನು ಕಾಯುತ್ತಿರುತ್ತದೆ. ಅರ್ಜಿ ತಿರಸ್ಕಾರವಾಗುತ್ತದೆ, ಇಲ್ಲವೇ ತಪ್ಪು ದಿನಾಂಕದೊಂದಿಗೆ ಸ್ವೀಕಾರವಾಗುತ್ತದೆ. ಪುಟ ತೆರೆದಿದೆ, ಅಕ್ಷರ ಕಾಣುತ್ತಿದೆ, ಗುಂಡಿಯೂ ಒತ್ತಲು ಬರುತ್ತದೆ. ಆದರೂ ಕೆಲಸ ಕೆಟ್ಟಿದೆ. ಇಂಥ ದೋಷ ಹೊಸ ಆವೃತ್ತಿಯಲ್ಲಿ ಎಷ್ಟು ಸಲ ಪರೀಕ್ಷಿಸಿದರೂ ಹೊರಬೀಳುವುದಿಲ್ಲ.

ಪುಟ ತೆರೆಯುವ ಮೊದಲೇ ಎಲ್ಲ ಮುಗಿದುಹೋಗುವ ಸಂದರ್ಭವೂ ಉಂಟು. ತಾಣ ಅಸಲಿಯೇ ಎಂದು ತಿಳಿಯಲು ಬ್ರೌಸರ್ ಅದರ ಭದ್ರತಾ ಪ್ರಮಾಣಪತ್ರವನ್ನು ನೋಡುತ್ತದೆ. ಆ ಪತ್ರ ಕೊಟ್ಟ ಸಂಸ್ಥೆಯ ಗುರುತು ಫೋನಿನಲ್ಲಿ ಮೊದಲೇ ಇರಬೇಕು. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2020ರ ನವೆಂಬರ್‌ನಲ್ಲಿ ಒಂದು ಎಚ್ಚರಿಕೆ ಕೊಟ್ಟಿತು. ತನ್ನ ಹೊಸ ಮೂಲ ಪ್ರಮಾಣಪತ್ರದ ಗುರುತು 7.1ಕ್ಕಿಂತ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಇಲ್ಲ, ಆಗ ಬಳಕೆಯಲ್ಲಿದ್ದ ಆಂಡ್ರಾಯ್ಡ್ ಸಾಧನಗಳಲ್ಲಿ ಶೇಕಡಾ 33.8ರಷ್ಟು ಅಂಥವು ಎಂದು ಅದು ತಿಳಿಸಿತು. ಮುಂದಿನ ತಿಂಗಳೇ ಒಂದು ಪರ್ಯಾಯ ವ್ಯವಸ್ಥೆ ಹೊಳೆದದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆ ವ್ಯವಸ್ಥೆ ಸಿಗದೆ ಹೋಗಿದ್ದರೆ, ಆ ಸಂಸ್ಥೆಯ ಪ್ರಮಾಣಪತ್ರವಿದ್ದ ತಾಣ ತೆರೆದಾಗ ಇಂಥ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಅಪಾಯದ ಎಚ್ಚರಿಕೆ ಕಾಣಿಸಿಕೊಳ್ಳುತ್ತಿತ್ತು. ಅಂಥ ಫೋನು ಆ ಹಂತದಲ್ಲೇ ಸಂಪರ್ಕ ಕಡಿದುಕೊಳ್ಳುವುದರಿಂದ, ತಾಣದ ದಾಖಲೆ ಪುಸ್ತಕದಲ್ಲಿ ‘ಇಂಥವರು ಬಂದಿದ್ದರು’ ಎಂಬ ಒಂದು ಸಾಲೂ ಇರುತ್ತಿರಲಿಲ್ಲ.

ಈಗ ಲೆಕ್ಕದ ಮಾತಿಗೆ ಬರೋಣ. ಯಾವ ಬ್ರೌಸರನ್ನು ಎಷ್ಟು ಜನ ಬಳಸುತ್ತಾರೆ ಎಂದು ತಾಣಗಳು ತಿಳಿದುಕೊಳ್ಳುವುದು ಬಹುಪಾಲು ಪುಟದೊಳಗೆ ಸೇರಿಸಿದ ಎಣಿಕೆಯ ಜಾವಾಸ್ಕ್ರಿಪ್ಟ್ ಮೂಲಕ. ಹಳೆಯ ಬ್ರೌಸರ್ ಆ ಕಡತವನ್ನು ಓದಲಾರದೆ ತಳ್ಳಿಹಾಕಿದರೆ ಆ ಬಳಕೆದಾರ ಎಣಿಕೆಗೇ ಸಿಗುವುದಿಲ್ಲ. ಪ್ರಮಾಣಪತ್ರದಲ್ಲಿ ಸೋತವನು ಎಣಿಕೆಯ ಹತ್ತಿರವೂ ಸುಳಿಯುವುದಿಲ್ಲ. ಬಿಳಿ ಪುಟ ನೋಡಿ ಹೋದವನು ಮತ್ತೆ ಬರುವುದಿಲ್ಲ. ಹೊಸ ಫೋನಿನವನು ದಿನಕ್ಕೆ ಹತ್ತು ಸಲ ಬಂದು ಹತ್ತು ಸಲ ಎಣಿಕೆಯಾಗುತ್ತಾನೆ. ತಾಣ ಯಾರಿಗೆ ಕೆಲಸ ಮಾಡುತ್ತದೋ ಅವರನ್ನಷ್ಟೇ ಎಣಿಸಿ, ಅದೇ ಸಂಖ್ಯೆಯನ್ನು ಮುಂದಿಟ್ಟು, ಉಳಿದವರಿಗಾಗಿ ಪರೀಕ್ಷೆ ಬೇಡ ಎನ್ನುವುದು ಸುತ್ತಿ ಸುತ್ತಿ ಅಲ್ಲಿಗೇ ಬರುವ ತರ್ಕ. ಹಳೆಯ ಆವೃತ್ತಿಯನ್ನು ಪರೀಕ್ಷೆಯಿಂದ ಬಿಟ್ಟ ಮೇಲೆ ಅದರ ಪಾಲು ಕುಗ್ಗುತ್ತದೆ. ಕುಗ್ಗಿದ ಪಾಲು ಬಿಟ್ಟದ್ದೇ ಸರಿ ಎಂದು ಸಾಕ್ಷಿ ನುಡಿಯುತ್ತದೆ.

ಇದು ಬರಿಯ ಊಹೆಯಲ್ಲ. ಬ್ರಿಟನ್ ಸರ್ಕಾರದ ಡಿಜಿಟಲ್ ಸೇವಾ ವಿಭಾಗ 2013ರಲ್ಲಿ ತನ್ನ ತಾಣದಲ್ಲಿ ಒಂದು ಅಳತೆ ಮಾಡಿ ನೋಡಿತು. ಜಾವಾಸ್ಕ್ರಿಪ್ಟ್ ತಲುಪದೆ ಹೋದದ್ದು ಶೇಕಡಾ 1.1ರಷ್ಟು ಭೇಟಿಗಳಲ್ಲಿ. ಈ 1.1ರಲ್ಲಿ ಅದನ್ನು ಬೇಕೆಂದೇ ನಿಲ್ಲಿಸಿಕೊಂಡವರ ಪಾಲು, ಇಲ್ಲವೇ ಅದು ಇಲ್ಲದ ಬ್ರೌಸರ್ ಬಳಸುವವರ ಪಾಲು, ಕೇವಲ 0.2. ಉಳಿದ 0.9ರ ಪಾಲಿನವರಿಗೆ ಅದು ಸಿಗಬೇಕಾಗಿತ್ತು, ಒಂದಲ್ಲ ಒಂದು ಕಾರಣಕ್ಕೆ ಸಿಕ್ಕಿರಲಿಲ್ಲ. ಮಾಮೂಲಿ ಎಣಿಕೆಗೆ ಕಾಣದಿದ್ದ ಗುಂಪು ಕಂಡದ್ದು ಬೇರೆ ಬಗೆಯಲ್ಲಿ ಹುಡುಕಿದ್ದರಿಂದ. ಯೂಟ್ಯೂಬ್‌ನಲ್ಲಿ ಕೆಲಸ ಮಾಡುತ್ತಿದ್ದ ಕ್ರಿಸ್ ಝಕಾರಿಯಸ್ ಎಂಬ ಎಂಜಿನಿಯರ್ ದಾಖಲಿಸಿದ ಸಂಗತಿ ಇನ್ನೂ ಬೆರಗಿನದು. ವಿಡಿಯೊ ಪುಟದ ತೂಕವನ್ನು ಅವರು ಸುಮಾರು 1.2 ಮೆಗಾಬೈಟ್‌ನಿಂದ ನೂರು ಕಿಲೋಬೈಟ್‌ನೊಳಕ್ಕೆ ಇಳಿಸಿದರು. ಪುಟ ಬೇಗ ತೆರೆಯಬೇಕಲ್ಲವೇ? ಆದರೆ ಸರಾಸರಿ ಸಮಯ ಏರಿತ್ತು. ಕಾರಣ ಹುಡುಕಿದಾಗ, ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾಗಳಂಥ ಕಡೆ ನಿಧಾನದ ಸಂಪರ್ಕವಿದ್ದವರು ಮೊದಲ ಬಾರಿಗೆ ವಿಡಿಯೊ ನೋಡಲು ಶುರುಮಾಡಿದ್ದರು. ಅಷ್ಟು ದಿನ ಅವರು ಅಂಕಿಅಂಶದಲ್ಲಿ ಇರಲೇ ಇಲ್ಲ. ಅಲ್ಲಿನ ತಡೆ ಪುಟದ ತೂಕ, ಇಲ್ಲಿನ ತಡೆ ಬ್ರೌಸರ್‌ನ ವಯಸ್ಸು. ಎರಡರಲ್ಲೂ ಪಾಠ ಒಂದೇ: ಸೇವೆ ಕೊಟ್ಟ ಮೇಲಷ್ಟೇ ಬಳಕೆದಾರರ ನಿಜವಾದ ಸಂಖ್ಯೆ ತಿಳಿಯುತ್ತದೆ.

ಕನ್ನಡ ಓದುಗರಿಗೆ ಈ ಮಾತು ಹೊಸದಾಗಬಾರದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಮಾನ ಸಂಕೇತ ಕೊಡುವ ಯೂನಿಕೋಡ್ ಬಳಕೆ ಹರಡುವ ಮೊದಲು ಕನ್ನಡದ ತಾಣಗಳು ತಮ್ಮ ತಮ್ಮದೇ ಫಾಂಟುಗಳನ್ನು ಪುಟದ ಜತೆ ಕಳಿಸುತ್ತಿದ್ದವು. ಅವುಗಳಲ್ಲಿ ಹಲವು ತಾಣಗಳು ನೆಚ್ಚಿಕೊಂಡಿದ್ದ ಡೈನಮಿಕ್ ಫಾಂಟ್ ಕೆಲಸ ಮಾಡುತ್ತಿದ್ದದ್ದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಬೇರೆ ಬ್ರೌಸರ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್ ಬಂದ ಮೇಲೂ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಇದ್ದೂ ಸಂಕೀರ್ಣ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ ಚಾಲೂ ಮಾಡದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಆಂಡ್ರಾಯ್ಡ್‌ನ ಆರಂಭದ ಫೋನುಗಳಲ್ಲಿ ಕನ್ನಡ ಎಂದರೆ ಖಾಲಿ ಚೌಕಗಳು. ವ್ಯವಸ್ಥೆಯೇ ಕನ್ನಡವನ್ನು ಒಳಗೊಂಡದ್ದು 2012ರ ಜೆಲ್ಲಿ ಬೀನ್ ಆವೃತ್ತಿಯ ಹೊತ್ತಿಗೆ. ಅಲ್ಲಿಯವರೆಗೆ ಅನೇಕರು ಒಪೆರಾ ಮಿನಿ ಎಂಬ ಬ್ರೌಸರ್‌ನ ಒಳ ಆಯ್ಕೆಯೊಂದನ್ನು ಬದಲಿಸಿ, ಅಕ್ಷರಗಳನ್ನು ಚಿತ್ರವಾಗಿ ತರಿಸಿಕೊಂಡು ಕನ್ನಡ ಓದಿದರು. ಇಂದಿಗೂ ಪ್ಯಾರಾದ ಮೊದಲ ಅಕ್ಷರವನ್ನು ಅಲಂಕಾರಕ್ಕೆಂದು ದೊಡ್ಡದು ಮಾಡಿದರೆ ‘ಸ್ತ್ರೀ’ ಎಂಬಂಥ ಒತ್ತಕ್ಷರ ಕೆಲವು ಬ್ರೌಸರ್‌ಗಳಲ್ಲಿ ಒಡೆದುಹೋಗುವುದುಂಟು. ಇಂಗ್ಲಿಷ್ ಪುಟವನ್ನು ಮಾತ್ರ ಪರೀಕ್ಷಿಸಿದವರಿಗೆ ಇವು ಯಾವುವೂ ಗೋಚರಿಸುವುದಿಲ್ಲ. ಕನ್ನಡ ಪುಟಗಳಿಗೆ ಓದುಗರು ಕಡಿಮೆ ಎಂದು ಅಂಕಿ ತೋರಿಸುವ ಮೊದಲು, ಆ ಪುಟಗಳು ಎಷ್ಟು ಫೋನುಗಳಲ್ಲಿ ಕನ್ನಡವಾಗಿ ಕಾಣಿಸಿದವು ಎಂದು ಕೇಳಬೇಕು.

ಇಲ್ಲಿಗೆ ಮೂರು ಆಕ್ಷೇಪಣೆಗಳು ಏಳುತ್ತವೆ. ಒಂದು, ಖರ್ಚಿನದು. ಪ್ರತಿಯೊಂದು ಬ್ರೌಸರ್, ಪ್ರತಿಯೊಂದು ಆವೃತ್ತಿ, ಪ್ರತಿಯೊಂದು ಫೋನು ಎಂದು ಗುಣಿಸುತ್ತ ಹೋದರೆ ಸಂಖ್ಯೆಗೆ ಕೊನೆಯಿಲ್ಲ, ನಿಜ. ಆದರೆ ಪರೀಕ್ಷೆಯೆಂದರೆ ಪುಟ ಎಲ್ಲೆಡೆ ಒಂದೇ ರೀತಿ ಕಾಣಬೇಕೆಂದಲ್ಲ. ಬಣ್ಣ ಮಾಸಿದರೂ, ಚಿತ್ರಗಳು ತಾವಾಗಿ ಜಾರದಿದ್ದರೂ ನಡೆಯುತ್ತದೆ. ಅರ್ಜಿ ಸಲ್ಲಿಕೆಯಾಗಬೇಕು, ರಸೀದಿ ಕೈಗೆ ಬರಬೇಕು. ಸೇವೆಯ ಮುಖ್ಯ ಕೆಲಸ ನಾಲ್ಕೋ ಐದೋ ಇರುತ್ತವೆ. ಅವನ್ನು, ಅಪ್‌ಡೇಟ್ ನಿಂತುಹೋದ ಕೆಲವು ಆವೃತ್ತಿಗಳಲ್ಲಿ, ಅಂದರೆ ವಿಂಡೋಸ್ 7ರ ಕ್ರೋಮ್ 109, ಹಳೆಯ ಐಫೋನಿನ ಸಫಾರಿ, ಅಗ್ಗದ ಹಳೆಯ ಆಂಡ್ರಾಯ್ಡ್‌ನಂಥ ಕಡೆ, ಕೊನೆಯವರೆಗೆ ಮಾಡಿ ನೋಡುವುದು ಅಸಾಧ್ಯವಾದ ಕೆಲಸವಲ್ಲ. ಅಪ್‌ಡೇಟ್ ಆಗುವ ಆವೃತ್ತಿಗಳು ಬದಲಾಗುತ್ತಲೇ ಇರುತ್ತವೆ, ನಿಂತುಹೋದವು ಬದಲಾಗುವುದಿಲ್ಲ. ಅವುಗಳ ಪಟ್ಟಿ ಮಾಡುವುದು ಸುಲಭ. ಉಪಕರಣಗಳೂ ಇವೆ. ಬ್ರೌಸರ್‌ಗೆ ತಾನಾಗಿ ಆಜ್ಞೆ ಕೊಡುವ ಸೆಲೆನಿಯಂ 2004ರಿಂದ ಬಳಕೆಯಲ್ಲಿದೆ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಿಜವಾದ ಫೋನುಗಳನ್ನು ದೂರದಿಂದಲೇ ಬಾಡಿಗೆಗೆ ಕೊಡುವ ಬ್ರೌಸರ್‌ಸ್ಟ್ಯಾಕ್ 2011ರಲ್ಲಿ ಹುಟ್ಟಿದ್ದು ನಮ್ಮದೇ ಮುಂಬೈಯಲ್ಲಿ.

ಎರಡನೆಯ ಆಕ್ಷೇಪಣೆ, ಬ್ರೌಸರ್‌ಗಳೆಲ್ಲ ಪಾಲಿಸಬೇಕಾದ ಸಮಾನ ಮಾನದಂಡ ಇರುವಾಗ ಪರೀಕ್ಷೆ ಯಾಕೆ ಎಂಬುದು. ಮಾನದಂಡಗಳು ಗೆದ್ದಿವೆ, ಸಂತೋಷ. ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾ 2022ರಿಂದ ‘ಇಂಟರಾಪ್’ ಹೆಸರಿನಲ್ಲಿ ಪ್ರತಿ ವರ್ಷ ತಮ್ಮ ಬ್ರೌಸರ್‌ಗಳ ನಡುವಿನ ವ್ಯತ್ಯಾಸಗಳನ್ನು ಆರಿಸಿ ಸರಿಪಡಿಸುತ್ತಿವೆ. ಆದರೆ ಇಂದಿನ ಒಪ್ಪಂದ ನಿನ್ನೆ ಮಾರಾಟವಾದ ಫೋನಿಗೆ ಅನ್ವಯಿಸುವುದಿಲ್ಲ. ಮಾನದಂಡ ಏಕರೂಪ ತರುವುದು ಹೊಸ ಆವೃತ್ತಿಗಳಲ್ಲಿ, ಹಳೆಯವು ಹಾಗೆಯೇ ಉಳಿಯುತ್ತವೆ. ಮೇಲಾಗಿ, ತಾಣಗಳೇ ಮಾನದಂಡ ಮೀರುತ್ತವೆ. ಆವೃತ್ತಿಯ ಸಂಖ್ಯೆ ಓದಿ ಜನರನ್ನು ಒಳಗೆ ಬಿಡುವ ದುರಭ್ಯಾಸ ಎಷ್ಟು ಗಟ್ಟಿಯಾಗಿತ್ತೆಂದರೆ, 2009ರಲ್ಲಿ ಒಪೆರಾ ಬ್ರೌಸರ್‌ನ ಹತ್ತನೆಯ ಆವೃತ್ತಿ ಬಂದಾಗ ಕೆಲವು ತಾಣಗಳು ಹತ್ತರ ಮೊದಲ ಅಂಕಿಯನ್ನಷ್ಟೇ ಓದಿ ಅದನ್ನು ಒಂದನೆಯ ಆವೃತ್ತಿ ಎಂದುಕೊಂಡವು. ಒಪೆರಾ ತಾನು ಇನ್ನೂ ಒಂಬತ್ತರಲ್ಲೇ ಇದ್ದೇನೆಂದು ಹೇಳಿಕೊಳ್ಳಬೇಕಾಯಿತು. 2022ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ನೂರನೆಯ ಆವೃತ್ತಿ ತಲುಪುವಾಗಲೂ ಮೂರಂಕಿಯಿಂದ ತಾಣಗಳು ಕೆಡಬಹುದೆಂದು ಎರಡೂ ಕಡೆಯವರು ಮುಂಚಿತವಾಗಿ ಪರೀಕ್ಷೆ ನಡೆಸಿದರು. ಸಂಖ್ಯೆ ನೋಡಿ ತೀರ್ಪು ಕೊಡುವ ಬದಲು, ಬೇಕಾದ ಸೌಲಭ್ಯ ಈ ಬ್ರೌಸರ್‌ನಲ್ಲಿ ಇದೆಯೇ ಎಂದು ಕೇಳಿ ಮುಂದುವರಿಯುವುದು ಸರಿಯಾದ ಕ್ರಮ. ಆ ಕ್ರಮ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದಕ್ಕೂ ಪರೀಕ್ಷೆಯೇ ಬೇಕು.

ಮೂರನೆಯದು ಗಟ್ಟಿಯಾದ ಆಕ್ಷೇಪಣೆ. ಹಳೆಯ ಬ್ರೌಸರ್ ಸುರಕ್ಷಿತವಲ್ಲ; ಅದರಲ್ಲಿ ತಾಣ ನಡೆಯುವಂತೆ ಮಾಡಿದರೆ ಜನರನ್ನು ಅಪಾಯದಲ್ಲಿಯೇ ಉಳಿಸಿದಂತಾಗುವುದಿಲ್ಲವೇ? ಹಣದ ವ್ಯವಹಾರಕ್ಕೆ ಈ ಮಾತು ಸಲ್ಲುತ್ತದೆ. ತೀರ ಹಳೆಯ ಬ್ರೌಸರನ್ನು ಬ್ಯಾಂಕು ನಿರಾಕರಿಸಿದರೆ ತಪ್ಪೆನ್ನಲಾಗದು. ಆದರೆ ನಿರಾಕರಣೆಯೂ ಪರೀಕ್ಷೆಯಾಗಬೇಕು. ‘ನಿಮ್ಮ ಬ್ರೌಸರ್ ಹಳೆಯದು, ಈ ಕೆಲಸಕ್ಕೆ ಹತ್ತಿರದ ಶಾಖೆಗೆ ಬನ್ನಿ ಅಥವಾ ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಮಾತು ಅದೇ ಹಳೆಯ ಬ್ರೌಸರ್‌ನಲ್ಲಿ, ಬಳಕೆದಾರರು ಓದಬಲ್ಲ ಭಾಷೆಯಲ್ಲಿ ಕಾಣಬೇಕು. ಬಿಳಿ ಪುಟ ಯಾರನ್ನೂ ಸುರಕ್ಷಿತರನ್ನಾಗಿ ಮಾಡುವುದಿಲ್ಲ. ಇನ್ನು ಸುತ್ತೋಲೆ, ಫಲಿತಾಂಶ, ಆಸ್ಪತ್ರೆಯ ವೇಳಾಪಟ್ಟಿಯಂಥ ಬರಿಯ ಮಾಹಿತಿಗೆ ಸುರಕ್ಷತೆಯ ನೆಪ ಹೇಳುವುದು ಸಲ್ಲದು. ಪ್ರಮಾಣಪತ್ರದಂಥ ಸಂಪರ್ಕದ ತೊಡಕು ಇಲ್ಲದಿದ್ದರೆ, ಸರಳವಾದ ಎಚ್‌ಟಿಎಂಎಲ್‌ನಲ್ಲಿ ಬರೆದ ಪುಟವನ್ನು ಇಪ್ಪತ್ತು ವರ್ಷ ಹಳೆಯ ಬ್ರೌಸರ್ ಕೂಡ ಓದಿ ತೋರಿಸಬಲ್ಲದು. ಅಂಥ ಪುಟ ಕೆಟ್ಟಿದ್ದರೆ ಕಾರಣ ಬ್ರೌಸರ್‌ನ ವಯಸ್ಸಾಗಿರುವುದಿಲ್ಲ, ಕಟ್ಟಿದವರ ಆಯ್ಕೆಯಾಗಿರುತ್ತದೆ.

ಕೊನೆಯದಾಗಿ ಎರಡು ಮಾತು. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ. ತಾಣ ಬೇರೆ ಬೇರೆ ಬ್ರೌಸರ್‌ಗಳಲ್ಲಿ ಸರಿಯಾಗಿ ತೆರೆಯಬೇಕೆಂಬುದು ಅದರ ಆಶಯಗಳಲ್ಲಿ ಒಂದು. ತಾಣ ಕಟ್ಟಿಸುವ ಇಲಾಖೆಗಳು, ವಿಶ್ವವಿದ್ಯಾಲಯಗಳು, ಬ್ಯಾಂಕುಗಳು ಆ ಆಶಯವನ್ನು ಟೆಂಡರಿನ ಷರತ್ತಾಗಿಸಲಿ. ಯಾವ ಯಾವ ಆವೃತ್ತಿಗಳಲ್ಲಿ, ಕನ್ನಡ ಪುಟವೂ ಸೇರಿದಂತೆ, ಯಾವ ಕೆಲಸವನ್ನು ಕೊನೆಮುಟ್ಟಿಸಿ ನೋಡಲಾಗಿದೆ ಎಂಬ ವರದಿ ಕೈಗೆ ಬಂದ ಮೇಲೆ ಬಿಲ್ ಪಾಸಾಗಲಿ. ಕೇಳುಗರಾದ ನಿಮ್ಮಲ್ಲೂ ಒಂದು ಕೋರಿಕೆ. ತಾಣವೊಂದು ನಿಮ್ಮ ಫೋನಿನಲ್ಲಿ ಕೈಕೊಟ್ಟರೆ ತಪ್ಪು ನಿಮ್ಮದೆಂದು ಸುಮ್ಮನಾಗಬೇಡಿ. ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ ಅದರ ಹೆಸರು ಮತ್ತು ಆವೃತ್ತಿಯ ಸಂಖ್ಯೆ ಸಿಗುತ್ತದೆ. ಎರಡನ್ನೂ ಬರೆದುಕೊಂಡು, ಏನು ಮಾಡುವಾಗ ಏನಾಯಿತು ಎಂದು ಸೇರಿಸಿ, ಆ ಕಚೇರಿಗೆ ಒಂದು ದೂರು ಕಳಿಸಿ. ಎಣಿಕೆಯ ಯಂತ್ರಕ್ಕೆ ಸಿಗದ ಬಳಕೆದಾರ ಲೆಕ್ಕಕ್ಕೆ ಸೇರಲು ಸದ್ಯಕ್ಕೆ ತನ್ನ ಕೈಯಲ್ಲಿರುವ ದಾರಿ ಅದೇ.